ಕಲ್ಲಿಗೆ ಬಡಿದ ಚಕ್ರ: ಹೊರಗೆ ಕಾಣದ ಪೆಟ್ಟನ್ನು ಗುರುತಿಸುವುದು ಹೇಗೆ?



ಹಾಲು ಕರೆಯುವುದು ಎಷ್ಟು ಮುಖ್ಯವೋ, ಕರೆದ ಹಾಲನ್ನು ಕೆಡದಂತೆ ಸಂಘಕ್ಕೆ ಮತ್ತು ಅಲ್ಲಿಂದ ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಈ ಸಾಗಣೆಯೆಲ್ಲ ನಡೆಯುವುದು ಚಕ್ರದ ಮೇಲೆ. ತೋಟದ ಮನೆಯಿಂದ ಕ್ಯಾನು ತರುವ ಮೋಟಾರ್ ಸೈಕಲ್, ಹಾಲು ಮಾರ್ಗದ ಪಿಕಪ್ ವ್ಯಾನು, ಪಶು ಆಹಾರದ ಮೂಟೆ ತರುವ ಟೆಂಪೋ, ಹೊಸ ಹಸುವನ್ನು ಮನೆಗೆ ತರುವ ಬಾಡಿಗೆ ಗಾಡಿ, ಹೀಗೆ ಹೈನುಗಾರಿಕೆಗೂ ವಾಹನಕ್ಕೂ ಬಿಡಿಸಲಾಗದ ನಂಟು.

ನಮ್ಮ ರಸ್ತೆಗಳಲ್ಲಿ ಚಕ್ರಕ್ಕೆ ಪೆಟ್ಟು ಬೀಳುವ ಜಾಗಗಳು ಒಂದೆರಡಲ್ಲ. ಪಟ್ಟಣದ ಪುಟ್‌ಪಾತಿನ ಅಂಚುಗಲ್ಲು, ರಸ್ತೆ ವಿಭಜಕದ ತುದಿ, ಊರೊಳಗಿನ ಸಿಮೆಂಟ್ ರಸ್ತೆ ಮುಗಿದು ಮಣ್ಣಿಗೆ ಇಳಿಯುವ ಅಂಚು, ಮೋರಿಯ ಕಲ್ಲುಚಪ್ಪಡಿ, ಸಂಘದ ಕಟ್ಟಡದ ಮುಂದಿನ ಕ್ಯಾನು ಇಳಿಸುವ ಕಟ್ಟೆ, ಮಳೆಗಾಲದಲ್ಲಿ ನೀರು ತುಂಬಿ ಆಳ ಕಾಣದ ಗುಂಡಿ. ನಸುಕಿನ ಮಬ್ಬಿನಲ್ಲಿ ಎದುರಿನ ವಾಹನಕ್ಕೆ ದಾರಿ ಬಿಡಲು ಸ್ವಲ್ಪ ಎಡಕ್ಕೆ ಸರಿದರೆ ಸಾಕು, "ಧಡ್" ಎಂದು ಶಬ್ದ ಬರುತ್ತದೆ. ಇಳಿದು ನೋಡಿದರೆ ಟೈರಿನಲ್ಲಿ ಗಾಳಿ ಇದೆ, ವಾಹನ ಓಡುತ್ತದೆ. "ಏನೂ ಆಗಿಲ್ಲ, ನಡಿ, ಹಾಲಿಗೆ ಹೊತ್ತಾಯಿತು" ಎಂದು ಹೊರಟುಬಿಡುತ್ತೇವೆ.

ಇಲ್ಲಿಯೇ ಅಪಾಯವಿರುವುದು. ಪೆಟ್ಟು ತಿಂದ ಟೈರು ಆ ಕ್ಷಣದಲ್ಲಿ ಒಡೆಯದೆ, ಕೆಲವು ದಿನ ಬಿಟ್ಟು, ತುಂಬು ಹೊರೆಯಲ್ಲಿ, ವೇಗದಲ್ಲಿರುವಾಗ ಒಡೆಯಬಹುದು. ಇದು ಹೇಗೆ, ಇದನ್ನು ಮೊದಲೇ ಕಂಡುಹಿಡಿಯುವುದು ಹೇಗೆ, ಕಂಡ ಮೇಲೆ ಮಾಡಬೇಕಾದದ್ದೇನು ಎಂಬುದೇ ಈ ಪಾಠದ ವಿಷಯ.

ಟೈರಿನ ಒಳಗೆ ಏನಿದೆ?

ಗಾಳಿ ತುಂಬಿದ ಟೈರಿಗೂ ಪಶುವೈದ್ಯ ವೃತ್ತಿಗೂ ಒಂದು ಸಂಬಂಧವಿದೆ ಎಂದರೆ ಸದಸ್ಯರಿಗೆ ಆಶ್ಚರ್ಯವಾಗಬಹುದು. 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದು ಅದನ್ನು ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ಅವರು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದವರು. ತಮ್ಮ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕದಿರಲಿ ಎಂದು ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. ಇದೇ ಯೋಚನೆಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವರು 1845ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಆಗ ಬಳಕೆಗೆ ಬರಲಿಲ್ಲ. ಅಂದಿನಿಂದ ಇಂದಿನವರೆಗೂ ಹೊರೆಯನ್ನು ಹೊರುವುದು ಟೈರಿನೊಳಗಿನ ಗಾಳಿ. ಆ ಗಾಳಿಯನ್ನು ಹಿಡಿದಿಡುವುದು ರಬ್ಬರಿನ ಒಳಗೆ ಅಡಗಿರುವ ದಾರದ ಪದರ.

ಟೈರನ್ನು ನಾಲ್ಕು ಭಾಗವಾಗಿ ತಿಳಿಯಬಹುದು.

1. ಮೇಲ್ಮೈ: ನೆಲ ಮುಟ್ಟುವ, ಗೀರು ಗೀರಾಗಿರುವ ದಪ್ಪ ರಬ್ಬರು. ಸವೆತವನ್ನು ತಡೆಯುವುದು, ರಸ್ತೆಯನ್ನು ಹಿಡಿಯುವುದು ಇದರ ಕೆಲಸ.

2. ಪಕ್ಕೆ: ಮೇಲ್ಮೈಗೂ ರಿಮ್ಮಿಗೂ ನಡುವಿನ ಗೋಡೆ. ಬಾಗಿ ಬಳುಕಬೇಕಾದ್ದರಿಂದ ಇದು ತೆಳುವಾಗಿರುತ್ತದೆ. ಟೈರಿನ ಅತಿ ಸೂಕ್ಷ್ಮ ಭಾಗ ಇದೇ.

3. ದಾರದ ಪದರ: ನೈಲಾನ್, ಪಾಲಿಯೆಸ್ಟರ್ ಅಥವಾ ಉಕ್ಕಿನ ಎಳೆಗಳು. ಇವೇ ಟೈರಿನ ನರಗಳು.

4. ಅಂಚಿನ ತಂತಿ: ಟೈರನ್ನು ರಿಮ್ಮಿಗೆ ಕಚ್ಚಿ ಹಿಡಿಯುವ ಉಕ್ಕಿನ ತಂತಿಯ ಕಟ್ಟು.

ನೈಲಾನ್ ಟೈರು ಎಂದು ನಾವು ಕರೆಯುವುದರಲ್ಲಿ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾದುಹೋಗುತ್ತವೆ. ರೇಡಿಯಲ್ ಟೈರಿನಲ್ಲಿ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ, ಮೇಲ್ಮೈ ಕೆಳಗೆ ಉಕ್ಕಿನ ಪಟ್ಟಿ ಇರುತ್ತದೆ. ಫ್ರಾನ್ಸಿನ ಮಿಷಲಿನ್ ಕಂಪನಿಯು 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ರೇಡಿಯಲ್ ಟೈರು ತಂಪಾಗಿ ಓಡುತ್ತದೆ, ಹೆಚ್ಚು ದೂರ ಬಾಳುತ್ತದೆ. ಆದರೆ ಅದರ ಪಕ್ಕೆ ತೆಳುವಾದ್ದರಿಂದ ಅಂಚುಗಲ್ಲಿನ ಪೆಟ್ಟನ್ನು ತಾಳುವ ಶಕ್ತಿ ಕಡಿಮೆ ಎಂಬುದನ್ನು ಮರೆಯಬಾರದು.

ಬಡಿದಾಗ ನಡೆಯುವುದೇನು?

ಚಕ್ರವು ಚೂಪಾದ ಅಂಚಿಗೆ ಬಡಿದಾಗ ಟೈರು ಆ ಜಾಗದಲ್ಲಿ ಪೂರ್ತಿ ಕುಸಿದು, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬಾಗಿಲ ಸಂದಿಗೆ ಬೆರಳು ಸಿಕ್ಕಿದಂತೆ. ರಬ್ಬರು ಹಿಗ್ಗುವ ವಸ್ತು, ಅದು ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಆದರೆ ದಾರದ ಎಳೆಗಳಿಗೆ ಆ ಗುಣವಿಲ್ಲ, ಅವು ತುಂಡಾಗುತ್ತವೆ. ಹೊರಗಿನಿಂದ ನೋಡಿದರೆ ಒಂದು ಗೀರು ಮಾತ್ರ, ಒಮ್ಮೊಮ್ಮೆ ಅದೂ ಇರುವುದಿಲ್ಲ.

ಇದನ್ನು ಹೊರಗೆ ಕಾಣದ ಕೆಚ್ಚಲು ಬಾವಿಗೆ ಹೋಲಿಸಬಹುದು. ಕೆಚ್ಚಲು ಊದಿಲ್ಲ, ಹಾಲಿನಲ್ಲಿ ಗರಣೆ ಇಲ್ಲ, ಹಸು ಮೇವು ತಿನ್ನುತ್ತಿದೆ. ಆದರೂ ಒಳಗೆ ರೋಗವಿದೆ, ಪರೀಕ್ಷಾ ದ್ರಾವಣ ಹಾಕಿ ನೋಡಿದರೆ ಮಾತ್ರ ತಿಳಿಯುತ್ತದೆ. ಟೈರೂ ಹಾಗೆಯೇ. ತುಂಡಾದ ಎಳೆಗಳ ಜಾಗದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ತಡೆಯಲು ಬರೀ ರಬ್ಬರು ಉಳಿದಿರುತ್ತದೆ. ಚಕ್ರ ಉರುಳುತ್ತ, ಬಿಸಿಯಾಗುತ್ತ ಹೋದಂತೆ ಪಕ್ಕದ ಎಳೆಗಳೂ ಒಂದೊಂದಾಗಿ ಸಡಿಲವಾಗುತ್ತವೆ. ಆಗ ಪಕ್ಕೆಯ ಮೇಲೆ ಉಬ್ಬು ಕಾಣಿಸುತ್ತದೆ. ಈ ಉಬ್ಬು ಬಡಿದ ಕೂಡಲೇ ಕಾಣಬಹುದು, ಕೆಲವು ದಿನಗಳ ನಂತರವೂ ಕಾಣಬಹುದು.

ಪೆಟ್ಟಿನ ಬಲವನ್ನು ಹೆಚ್ಚಿಸುವ ಕಾರಣಗಳು ಮೂರು.

ವೇಗ: ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಡಿದದ್ದಕ್ಕಿಂತ 40 ಕಿ.ಮೀ. ವೇಗದಲ್ಲಿ ಬಡಿದದ್ದು ನಾಲ್ಕು ಪಟ್ಟು ಹಾನಿಕರ.

ಹೊರೆ: ಒಂದು ಲೀಟರ್ ಹಾಲಿನ ತೂಕ ಸುಮಾರು 1.03 ಕಿ.ಗ್ರಾಂ. ಆದ್ದರಿಂದ 40 ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲೇ 82 ಕಿ.ಗ್ರಾಂ.ಗೂ ಹೆಚ್ಚು, ಕ್ಯಾನಿನ ತೂಕ ಬೇರೆ. ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಇದು ಒಬ್ಬ ದಪ್ಪ ಆಳು ಕುಳಿತಂತೆ.

ಕಡಿಮೆ ಗಾಳಿ: ಗಾಳಿ ಕಡಿಮೆಯಿದ್ದರೆ ಟೈರು ಬೇಗ ಕುಸಿದು ರಿಮ್ಮಿಗೆ ತಾಗುತ್ತದೆ. ಸರಿಯಾದ ಗಾಳಿಯಿದ್ದ ಟೈರು ತಾಳಿಕೊಳ್ಳುವ ಪೆಟ್ಟನ್ನು ಕಡಿಮೆ ಗಾಳಿಯ ಟೈರು ತಾಳಲಾರದು.

ಬಡಿದ ಕೂಡಲೇ ಮಾಡಬೇಕಾದದ್ದು

1. ಗಾಬರಿಯಿಂದ ಒಮ್ಮೆಲೇ ಬ್ರೇಕ್ ಒತ್ತಬೇಡಿ. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವಾಹನ ತಾನಾಗಿ ನಿಧಾನವಾದ ಮೇಲೆ ಎಡಕ್ಕೆ ತೆಗೆದುಕೊಳ್ಳಿ. ಟೈರು ಒಡೆದರೂ ಇದೇ ಕ್ರಮ.

2. ತಿರುವಿನಲ್ಲಾಗಲಿ, ಇಳಿಜಾರಿನಲ್ಲಾಗಲಿ, ಸೇತುವೆಯ ಮೇಲಾಗಲಿ ನಿಲ್ಲಿಸಬೇಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಅಪಾಯದ ದೀಪಗಳನ್ನು ಹಾಕಿ. ಹಿಂದಿನಿಂದ ಬರುವವರಿಗೆ ಕಾಣುವಂತೆ ತ್ರಿಕೋನ ಫಲಕವನ್ನು ದೂರದಲ್ಲಿಡಿ.

3. ವಾಹನದ ಸುತ್ತ ಒಂದು ಸುತ್ತು ಬನ್ನಿ. ಬಡಿದ ಚಕ್ರವಷ್ಟೇ ಅಲ್ಲ, ಅದೇ ಬದಿಯ ಹಿಂದಿನ ಚಕ್ರವನ್ನೂ ನೋಡಿ. ಮುಂದಿನದು ಹತ್ತಿದ ಕಲ್ಲನ್ನು ಹಿಂದಿನದೂ ಹತ್ತಿರುತ್ತದೆ.

4. ಕಿವಿಗೊಟ್ಟು ಕೇಳಿ. ಗಾಳಿ ಸೋರುವ "ಸುಯ್" ಶಬ್ದವಿದೆಯೇ? ಪಕ್ಕೆಗೂ ರಿಮ್ಮಿಗೂ ಸೇರುವ ಜಾಗಕ್ಕೆ ಸ್ವಲ್ಪ ನೀರು ಹಾಕಿದರೆ ಗುಳ್ಳೆ ಏಳುತ್ತದೆ.

5. ವಾಹನದ ಕೆಳಗೆ ಬಗ್ಗಿ ನೋಡಿ. ಎಣ್ಣೆ ತೊಟ್ಟಿಕ್ಕುತ್ತಿದೆಯೇ? ಚಕ್ರದ ಒಳಮಗ್ಗುಲಿನಲ್ಲಿ ಒದ್ದೆಯಿದ್ದರೆ ಅದು ಬ್ರೇಕ್ ಎಣ್ಣೆ ಆಗಿರಬಹುದು. ಹಾಗಿದ್ದರೆ ವಾಹನವನ್ನು ಓಡಿಸಲೇಬಾರದು.

6. ಎಲ್ಲವೂ ಸರಿಯಿದೆ ಎನಿಸಿದರೆ ನಿಧಾನವಾಗಿ ಹೊರಟು, ಸ್ವಲ್ಪ ದೂರದಲ್ಲಿ ಒಮ್ಮೆ ಬ್ರೇಕ್ ಪರೀಕ್ಷಿಸಿ. ಕೇಂದ್ರ ತಲುಪಿದ ಮೇಲೆ ಮತ್ತೊಮ್ಮೆ ಗಾಳಿ ನೋಡಿ.

ಟೈರು, ರಿಮ್ಮು, ಸ್ಟಿಯರಿಂಗ್: ಮೂರೂ ಪರೀಕ್ಷೆಯಾಗಲಿ

ಟೈರು: ಪಕ್ಕೆಯ ಮೇಲೆ ಅಂಗೈ ಇಟ್ಟು ನಿಧಾನವಾಗಿ ಸವರಿ. ಉಬ್ಬು, ಸೀಳು, ಕಿತ್ತುಬಂದ ರಬ್ಬರು, ಹೊರಗೆ ಕಾಣುವ ದಾರ ಇವುಗಳನ್ನು ಗಮನಿಸಿ. ತಂತಿಯ ಎಳೆ ಚುಚ್ಚೀತು, ಎಚ್ಚರಿಕೆ. ರೇಡಿಯಲ್ ಟೈರಿನ ಪಕ್ಕೆಯಲ್ಲಿ ಸಣ್ಣ ತಗ್ಗಿನ ಗೆರೆ ಇರುವುದುಂಟು. ಅದು ದಾರದ ಪದರ ಕೂಡಿಸಿದ ಗುರುತು, ಹೆದರಬೇಕಾಗಿಲ್ಲ. ತಗ್ಗು ಬೇರೆ, ಉಬ್ಬು ಬೇರೆ. ಉಬ್ಬು ಎಷ್ಟೇ ಸಣ್ಣದಿರಲಿ, ಅದು ಅಪಾಯದ ಚಿಹ್ನೆ. ಒಳಮಗ್ಗುಲ ಪಕ್ಕೆಯನ್ನೂ ನೋಡುವುದನ್ನು ಮರೆಯಬೇಡಿ. ಪೆಟ್ಟು ಹೊರಗೆ ಬಿದ್ದರೂ ಉಬ್ಬು ಒಳಬದಿಯಲ್ಲಿ ಏಳಬಹುದು.

ಸಂಶಯವಿದ್ದರೆ ಟೈರನ್ನು ರಿಮ್ಮಿನಿಂದ ಬಿಚ್ಚಿಸಿ ಒಳಮೈ ನೋಡಿಸಿ. ನೈಲಾನ್ ಟೈರಿನ ಒಳಗೆ ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಸೀಳು ಕಂಡರೆ ಅದು ಪೆಟ್ಟಿನಿಂದ ದಾರ ಹರಿದ ಗುರುತು. ಟ್ಯೂಬಿನಲ್ಲಿ ಹತ್ತಿರ ಹತ್ತಿರ ಎರಡು ಸೀಳುಗಳಿದ್ದರೆ, ಹಾವು ಕಚ್ಚಿದ ಗುರುತಿನಂತೆ, ಅದು ಮೊಳೆಯ ಪಂಕ್ಚರ್ ಅಲ್ಲ, ರಿಮ್ಮಿನ ಅಂಚು ಕಚ್ಚಿದ್ದು. ಆಗ ಟ್ಯೂಬಿಗೆ ತೇಪೆ ಹಾಕಿ ಮುಗಿಸದೆ ಟೈರಿನ ಒಳಮೈಯನ್ನೂ ಪರೀಕ್ಷಿಸಬೇಕು.

ರಿಮ್ಮು: ಉಕ್ಕಿನ ರಿಮ್ಮು ಬಾಗುತ್ತದೆ, ಅಲಾಯ್ ರಿಮ್ಮು ಬಾಗುವುದರ ಜೊತೆಗೆ ಬಿರುಕೂ ಬಿಡಬಹುದು. ಜಾಕ್ ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿ, ಒಂದು ಕಡ್ಡಿಯನ್ನು ರಿಮ್ಮಿನ ಅಂಚಿಗೆ ಹತ್ತಿರ ಹಿಡಿಯಿರಿ. ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಹೆಚ್ಚು ಕಡಿಮೆ ಆಗುತ್ತಿದ್ದರೆ ರಿಮ್ಮು ಬಾಗಿದೆ ಎಂದರ್ಥ. ಟ್ಯೂಬಿಲ್ಲದ ಟೈರಿನಲ್ಲಿ ರಿಮ್ಮು ಬಾಗಿದ ಜಾಗದಿಂದಲೇ ಗಾಳಿ ಸೋರುತ್ತದೆ. ವಾರಕ್ಕೆರಡು ಸಲ ಗಾಳಿ ತುಂಬಿಸುತ್ತ "ಎಲ್ಲೂ ಪಂಕ್ಚರ್ ಇಲ್ಲ" ಎನ್ನುವವರು ಇದನ್ನು ಗಮನಿಸಬೇಕು.

ಸ್ಟಿಯರಿಂಗ್: ಕೈ ಸ್ವಲ್ಪ ಸಡಿಲ ಬಿಟ್ಟಾಗ ವಾಹನ ಒಂದು ಕಡೆಗೆ ಎಳೆಯುವುದು, ನೇರ ಓಡುವಾಗ ಸ್ಟಿಯರಿಂಗ್ ಚಕ್ರ ಓರೆಯಾಗಿರುವುದು ಇವು ಚಕ್ರಗಳ ಕೋನ ತಪ್ಪಿರುವ ಸೂಚನೆ. ಅಲೈನ್‌ಮೆಂಟ್ ಮಾಡಿಸಬೇಕು. ಅದಕ್ಕೆ ಮೊದಲು ಟೈ ರಾಡ್, ಬಾಲ್ ಜಾಯಿಂಟ್, ಕೆಳ ತೋಳು ಬಾಗಿವೆಯೇ ಎಂದು ಮೆಕ್ಯಾನಿಕ್ ನೋಡಲಿ. ಬಾಗಿದ ಭಾಗವನ್ನು ಹಾಗೆಯೇ ಬಿಟ್ಟು ಅಲೈನ್‌ಮೆಂಟ್ ಮಾಡಿಸುವುದು ಹಣ ದಂಡ. ಒಂದು ವೇಗ ಮುಟ್ಟಿದಾಗ ಮಾತ್ರ ನಡುಕ ಬರುತ್ತಿದ್ದರೆ ಬ್ಯಾಲೆನ್ಸಿಂಗ್ ತಪ್ಪಿರಬಹುದು ಅಥವಾ ರಿಮ್ಮು ಬಾಗಿರಬಹುದು. ವೇಗ ಹೆಚ್ಚಿದಂತೆ ಏರುವ "ಗುಂಯ್" ಎಂಬ ಸದ್ದು ಬೇರಿಂಗಿನದಾಗಿರಬಹುದು.

ಮೋಟಾರ್ ಸೈಕಲ್ ಸವಾರರಿಗೆ ವಿಶೇಷ ಸೂಚನೆ

ನಾಲ್ಕು ಚಕ್ರದ ವಾಹನದಲ್ಲಿ ಒಂದು ಟೈರು ಹೋದರೆ ಮೂರು ಉಳಿಯುತ್ತವೆ. ಎರಡು ಚಕ್ರದ ವಾಹನದಲ್ಲಿ ಮುಂದಿನ ಟೈರು ಹೋದರೆ ಸವಾರ ನೆಲದ ಮೇಲೆಯೇ. ಆದ್ದರಿಂದ ಇವರ ಎಚ್ಚರಿಕೆ ಇಮ್ಮಡಿಯಾಗಿರಬೇಕು.

ಸ್ಪೋಕ್ ಚಕ್ರವಾದರೆ ಪ್ರತಿಯೊಂದು ಕಡ್ಡಿಯನ್ನೂ ಸಣ್ಣ ಸ್ಪ್ಯಾನರಿನಿಂದ ತಟ್ಟಿ. ಬಿಗಿಯಾದದ್ದು "ಟಿಣ್" ಎನ್ನುತ್ತದೆ, ಸಡಿಲವಾದದ್ದು ಮಂದ ಶಬ್ದ ಕೊಡುತ್ತದೆ. ಸಡಿಲ ಕಡ್ಡಿಗಳನ್ನು ಮನಸ್ಸಿಗೆ ಬಂದಂತೆ ಬಿಗಿದರೆ ರಿಮ್ಮು ಇನ್ನಷ್ಟು ಓರೆಯಾಗುತ್ತದೆ. ಚಕ್ರ ನೇರ ಮಾಡುವ ಅನುಭವಿಯಲ್ಲಿಯೇ ಮಾಡಿಸಿ. ರಿಮ್ಮಿನ ಓಲಾಟ 2 ಮಿ.ಮೀ. ಮೀರಿದರೆ ಸರಿಪಡಿಸುವುದು ಅಗತ್ಯ. ಹ್ಯಾಂಡಲ್ ಓರೆಯಾಗಿದೆಯೇ, ಮುಂದಿನ ಫೋರ್ಕ್ ಬಾಗಿದೆಯೇ, ಅದರಿಂದ ಎಣ್ಣೆ ಸೋರುತ್ತಿದೆಯೇ, ಮುಂದಿನ ಬ್ರೇಕ್ ಹಿಡಿದು ಹಿಂದು ಮುಂದು ಅಲ್ಲಾಡಿಸಿದರೆ "ಟಕ್ ಟಕ್" ಎನ್ನುತ್ತದೆಯೇ ಎಂಬುದನ್ನೂ ನೋಡಿ.

ಕ್ಯಾನುಗಳನ್ನು ಎರಡೂ ಬದಿಗೆ ಸಮತೂಕವಾಗಿ ಕಟ್ಟಬೇಕು. ಒಂದು ಬದಿಗೆ ತುಂಬಿದ ಕ್ಯಾನು, ಇನ್ನೊಂದು ಬದಿಗೆ ಅರ್ಧ ಕ್ಯಾನು ಕಟ್ಟಿದರೆ ಹಾಲು ತುಳುಕಿದಾಗಲೆಲ್ಲ ಹ್ಯಾಂಡಲ್ ಎಳೆಯುತ್ತದೆ. ಗುಂಡಿ ತಪ್ಪಿಸಲು ಹೋಗಿ ಅಂಚುಗಲ್ಲಿಗೆ ಬಡಿಯುವುದು ಹೀಗೆಯೇ.

ಯಾವುದನ್ನು ರಿಪೇರಿ ಮಾಡಿಸಬಹುದು? ಯಾವುದನ್ನು ಬಿಡಬೇಕು?

ಮಾಡಿಸಬಹುದಾದವು: ಮೇಲ್ಮೈ ನಡುಭಾಗದ ಮೊಳೆಯ ಸಣ್ಣ ತೂತು, ದಾರಕ್ಕೆ ತಾಗದ ಮೇಲಿನ ರಬ್ಬರಿನ ಗೀರು, ಉಕ್ಕಿನ ರಿಮ್ಮಿನ ಅಂಚಿನ ಅಲ್ಪ ಬಾಗು, ಸಡಿಲಗೊಂಡ ಸ್ಪೋಕು.

ಮಾಡಿಸಬಾರದವು: ಪಕ್ಕೆಯ ಉಬ್ಬು, ಪಕ್ಕೆಯ ತೂತು ಅಥವಾ ದಾರ ಕಾಣುವ ಸೀಳು, ತಂತಿ ತುಂಡಾದ ಅಂಚು, ಬಿರುಕು ಬಿಟ್ಟ ರಿಮ್ಮು, ನಟ್ಟಿನ ತೂತು ಅಗಲವಾದ ರಿಮ್ಮು. ಇವುಗಳನ್ನು ಬದಲಾಯಿಸುವುದೊಂದೇ ದಾರಿ.

ಹೊಸ ಟೈರು ಕೊಳ್ಳುವಾಗ ಅಳತೆ ಮತ್ತು ಹೊರೆ ತಾಳುವ ಸಂಖ್ಯೆ ಹಳೆಯದಕ್ಕೆ ಹೊಂದಬೇಕು. ಐ.ಎಸ್.ಐ. ಗುರುತು ನೋಡಿ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ಉದಾಹರಣೆಗೆ 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ. ಒಂದೇ ಅಚ್ಚಿನ ಎರಡು ತುದಿಗೆ ಒಂದು ರೇಡಿಯಲ್, ಒಂದು ನೈಲಾನ್ ಹಾಕಬಾರದು. ಸ್ಟೆಪ್ನಿಯೂ ಇದೇ ನಿಯಮಕ್ಕೆ ಸೇರಿದ್ದು.

ಚಕ್ರ ಬದಲಾಯಿಸುವ ಕ್ರಮ

ಕೈ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ತುಂಬಿದ ಕ್ಯಾನುಗಳನ್ನು ಇಳಿಸಿ ನೆರಳಿಗಿಡಿ. ವಾಹನದ ಮೇಲೆ ಯಾರೂ ಕುಳಿತಿರಬಾರದು. ಜಾಕ್ ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ನೆಲ ಮೆತ್ತಗಿದ್ದರೆ ಜಾಕಿನ ಕೆಳಗೆ ದಪ್ಪ ಹಲಗೆ ಇಡಿ. ಜಾಕ್ ಮೇಲೆ ನಿಂತ ವಾಹನದ ಕೆಳಗೆ ತಲೆಯನ್ನಾಗಲಿ ಕಾಲನ್ನಾಗಲಿ ಹಾಕಬಾರದು. ಹೊಸ ಚಕ್ರ ಕೂರಿಸಿದ ಮೇಲೆ ನಟ್ಟುಗಳನ್ನು ಸಾಲಾಗಿ ಬಿಗಿಯದೆ, ಎದುರು ಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಕೊನೆಯ ಬಿಗಿತ ಚಕ್ರ ನೆಲ ಮುಟ್ಟಿದ ನಂತರ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡುವುದು ಕಡ್ಡಾಯವೆಂದು ತಿಳಿಯಿರಿ.

ಹಾಲಿನ ಗತಿ ಏನು?

"ಇಷ್ಟೆಲ್ಲ ನೋಡುತ್ತ ಕುಳಿತರೆ ಹಾಲು ಹುಳಿಯಾಗುವುದಿಲ್ಲವೇ?" ಎಂದು ಸದಸ್ಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಅನುಕೂಲ ಸಿಕ್ಕರೆ 20ರಿಂದ 30 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಅದಕ್ಕಾಗಿಯೇ ಹಾಲನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡುವುದು. ಆದರೆ ಆರೋಗ್ಯವಂತ ಹಸುವಿನಿಂದ ಶುಚಿಯಾಗಿ ಕರೆದ ಹಾಲಿಗೆ ಸ್ವಾಭಾವಿಕವಾದ ರಕ್ಷಣಾ ಶಕ್ತಿ ಇದೆ. ಅದು ಮೊದಲ ಒಂದೆರಡು ಗಂಟೆ ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆದು ಹಿಡಿಯುತ್ತದೆ. ಟೈರು ಪರೀಕ್ಷೆಗೆ ಬೇಕಾದದ್ದು 5 ನಿಮಿಷ, ಚಕ್ರ ಬದಲಾವಣೆಗೆ 20 ನಿಮಿಷ. ಶುಚಿಯಾದ ಹಾಲು ಅಷ್ಟು ಹೊತ್ತು ಕಾಯಬಲ್ಲದು. ಉಬ್ಬಿದ ಟೈರು ಕಾಯುವುದಿಲ್ಲ.

ಹೆಚ್ಚು ತಡವಾಗುವಂತಿದ್ದರೆ ಹೀಗೆ ಮಾಡಿ. ಕೂಡಲೇ ಸಂಘದ ಕಾರ್ಯದರ್ಶಿಗೆ ಹಾಗೂ ಶೀತಲೀಕರಣ ಕೇಂದ್ರಕ್ಕೆ ಫೋನ್ ಮಾಡಿ ಬದಲಿ ವಾಹನ ಕೇಳಿ. ಕ್ಯಾನುಗಳನ್ನು ನೆರಳಿನಲ್ಲಿಟ್ಟು ಒದ್ದೆ ಗೋಣಿಚೀಲ ಹೊದಿಸಿ. ಮುಚ್ಚಳ ತೆಗೆದು ತೆಗೆದು ನೋಡಬೇಡಿ. ಬೆಳಗಿನ ಹಾಲಿಗೆ ಹಿಂದಿನ ಹೊತ್ತಿನ ಹಾಲು ಬೆರೆಸಬೇಡಿ. ಹಾಲು ಉಳಿಯಲೆಂದು ಸೋಡಾ ಅಥವಾ ಇನ್ನಾವುದೇ ರಾಸಾಯನಿಕ ಹಾಕುವುದು ಕಲಬೆರಕೆಯ ಅಪರಾಧ, ಕುಡಿಯುವವರಿಗೆ ದ್ರೋಹ.

ಬಿಡಲೇಬೇಕಾದ ಕೆಲವು ರೂಢಿಗಳು

ಒಳಗೆ ತುಂಡು ಇಡುವುದು: ಹರಿದ ಜಾಗಕ್ಕೆ ಹಳೆಯ ಟೈರಿನ ತುಂಡನ್ನು ಒಳಗಿಟ್ಟು ಟ್ಯೂಬು ಹಾಕಿ ಓಡಿಸುವ ರೂಢಿ ಹಲವೆಡೆ ಇದೆ. ಆ ತುಂಡು ದಾರದ ಕೆಲಸ ಮಾಡುವುದಿಲ್ಲ. ಉಜ್ಜಿ ಉಜ್ಜಿ ಬಿಸಿಯೇರಿಸಿ, ಟ್ಯೂಬನ್ನೂ ಹರಿಯುತ್ತದೆ.

ಉಬ್ಬಿದ ಟೈರನ್ನು ಹಿಂದಕ್ಕೆ ಹಾಕುವುದು: "ಮುಂದಿನದು ಸರಿಯಿದ್ದರೆ ಸಾಕು" ಎನ್ನುತ್ತಾರೆ. ಹಾಲಿನ ಹೊರೆಯೆಲ್ಲ ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆಂಬುದನ್ನು ಮರೆಯುತ್ತಾರೆ. ಹಿಂದೆ ಜೋಡಿ ಚಕ್ರವಿರುವ ವಾಹನಗಳಲ್ಲಿ ಒಳಚಕ್ರ ಗಾಳಿ ಕಳೆದುಕೊಂಡರೂ ಕಾಣುವುದಿಲ್ಲ, ಹೊರಚಕ್ರವೊಂದೇ ಇಬ್ಬರ ಭಾರ ಹೊರುತ್ತದೆ. ಜೋಡಿ ಚಕ್ರಗಳ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೂ ತೆಗೆಯಬೇಕು.

ಗಾಳಿಯಿಲ್ಲದೆ ಓಡಿಸಿದ ಟೈರಿಗೆ ಮತ್ತೆ ಗಾಳಿ ತುಂಬುವುದು: "ಇನ್ನೊಂದು ಮೈಲಿ ತಾನೇ" ಎಂದು ಗಾಳಿ ಹೋದ ಟೈರಿನಲ್ಲಿ ಓಡಿಸಿದರೆ ಪಕ್ಕೆ ಒಳಗೊಳಗೇ ಅರೆದು ಹೋಗುತ್ತದೆ. ಬಿಚ್ಚಿದಾಗ ಒಳಗೆ ರಬ್ಬರಿನ ಪುಡಿ ಕಂಡರೆ ಆ ಟೈರು ಸತ್ತಂತೆ. ಅದಕ್ಕೆ ಗಾಳಿ ತುಂಬುವಾಗಲೇ ಪಕ್ಕೆ ಸೀಳಿ ಸಿಡಿಯಬಹುದು. ಗಾಳಿ ತುಂಬುವವರು ಟೈರಿನ ಪಕ್ಕೆಯ ಎದುರಿಗೆ ಕೂರದೆ, ಉದ್ದ ಪೈಪ್ ಹಿಡಿದು ಓರೆಗೆ ನಿಲ್ಲಬೇಕು. ಉಂಗುರದ ಲಾಕ್ ಇರುವ ಲಾರಿ ಚಕ್ರಗಳಲ್ಲಿ ಉಂಗುರ ಹಾರಿ ಪ್ರಾಣ ಹೋಗುವಷ್ಟು ಅಪಾಯವಿದೆ. ಅವುಗಳಿಗೆ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕು.

ಟೈರು ತೊಟ್ಟ ರಿಮ್ಮಿಗೆ ವೆಲ್ಡಿಂಗ್: ಇದು ಎಲ್ಲಕ್ಕಿಂತ ಘೋರ. ಟೈರು ರಿಮ್ಮಿನ ಮೇಲಿರುವಾಗ ಬೆಂಕಿ ತಾಗಿಸಿದರೆ ಒಳಗಿನ ರಬ್ಬರು ಬೆಂದು ಉರಿಯುವ ಅನಿಲ ತುಂಬಿ, ಬಾಂಬಿನಂತೆ ಸಿಡಿಯಬಹುದು. ಗಾಳಿ ಬಿಟ್ಟಿದ್ದರೂ ಅಪಾಯ ತಪ್ಪಿದ್ದಲ್ಲ. ಬಿರುಕು ಬಿಟ್ಟ ರಿಮ್ಮಿಗೆ ವೆಲ್ಡಿಂಗ್ ಮಾಡಿಸುವ ಯೋಚನೆಯನ್ನೇ ಬಿಡಿ.

ವಿಮೆಯ ಬಗ್ಗೆ ಎರಡು ಮಾತು

ಕಾನೂನಿಗಾಗಿ ಮಾಡಿಸುವ ಮೂರನೇ ವ್ಯಕ್ತಿಯ ವಿಮೆಯಿಂದ ನಿಮ್ಮ ಟೈರಿಗೆ ಒಂದು ಪೈಸೆಯೂ ಬರುವುದಿಲ್ಲ. ಸ್ವಂತ ಹಾನಿಯ ವಿಮೆ ಇದ್ದರೂ, ಸಾಮಾನ್ಯ ಷರತ್ತಿನ ಪ್ರಕಾರ ಬರೀ ಟೈರು ಟ್ಯೂಬು ಹಾಳಾದರೆ ಪರಿಹಾರವಿಲ್ಲ. ಅದೇ ಅಪಘಾತದಲ್ಲಿ ವಾಹನಕ್ಕೂ ಹಾನಿಯಾಗಿದ್ದರೆ ಟೈರಿನ ಬೆಲೆಯ ಶೇ. 50ರ ಮಿತಿಯಲ್ಲಿ ಸಿಗುತ್ತದೆ. ಟೈರಿಗೆಂದೇ ಹೆಚ್ಚುವರಿ ಕಂತು ಕಟ್ಟುವ ರಕ್ಷಣೆ ಬೇರೆ ಇದೆ, ಅದರ ಷರತ್ತು ಓದಿ. ಕಿವಿಯೋಲೆ ಇದ್ದ ಹಸು ಸತ್ತಾಗ ವಿಮಾ ಕಂಪನಿಗೆ ತಿಳಿಸದೆ ಹೂಳುವುದಿಲ್ಲ, ಅಲ್ಲವೇ? ಹಾಗೆಯೇ ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಆಮೇಲೆ ರಿಪೇರಿಗೆ ಕೈಹಾಕಿ.

ಬಾರದಂತೆ ತಡೆಯುವುದೇ ಮೇಲು

1. ವಾರಕ್ಕೊಮ್ಮೆ, ವಾಹನ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ಅಳೆಯಿಸಿ. ಎಷ್ಟು ಪೌಂಡು ಇರಬೇಕೆಂಬುದು ಬಾಗಿಲ ಪಕ್ಕದ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿದೆ. ಬರಿದಾದ ವಾಹನಕ್ಕೂ ತುಂಬಿದ ವಾಹನಕ್ಕೂ ಅಳತೆ ಬೇರೆ ಇದ್ದರೆ, ತುಂಬಿದ ವಾಹನದ ಅಳತೆಯನ್ನೇ ಹಿಡಿಯಿರಿ.

2. ಕಟ್ಟೆ, ಅಂಚುಗಲ್ಲು ಹತ್ತಲೇಬೇಕಾದರೆ ತೀರ ನಿಧಾನವಾಗಿ, ನೇರವಾಗಿ ಹತ್ತಿ. ಓರೆಯಾಗಿ ಉಜ್ಜಿದರೆ ಪಕ್ಕೆಗೆ ಪೆಟ್ಟು.

3. ಗುಂಡಿ ಕಂಡರೆ ಅದಕ್ಕೆ ಇಳಿಯುವ ಮೊದಲೇ ಬ್ರೇಕ್ ಹಾಕಿ. ಗುಂಡಿಯೊಳಗೆ ಬ್ರೇಕ್ ಒತ್ತಿದರೆ ಪೆಟ್ಟು ಹೆಚ್ಚು.

4. ಮೇಲ್ಮೈ ಗೀರುಗಳ ನಡುವಿನ ಸವೆತದ ಗುರುತು ಮುಟ್ಟಿದರೆ ಟೈರು ಬದಲಾಯಿಸಿ. ನಾಲ್ಕು ಚಕ್ರದ ವಾಹನಗಳಿಗೆ ಈ ಮಿತಿ 1.6 ಮಿ.ಮೀ.

5. ಸಂಘದ ಮುಂದಿನ ಕಟ್ಟೆಯ ಚೂಪು ಅಂಚನ್ನು ಸಿಮೆಂಟಿನಿಂದ ದುಂಡು ಮಾಡಿಸಿ ಸುಣ್ಣ ಬಳಿದರೆ ಕತ್ತಲಲ್ಲೂ ಕಾಣುತ್ತದೆ. ಆಡಳಿತ ಮಂಡಳಿಯವರು ಒಂದು ಮೂಟೆ ಸಿಮೆಂಟಿನಲ್ಲಿ ಮಾಡಿಸಬಹುದಾದ ಕೆಲಸವಿದು.

ಪಾಠದ ಸಾರ

ಬಡಿದ ಮೇಲೆ ನಿಲ್ಲಿ, ಸುತ್ತು ಬಂದು ನೋಡಿ, ಕೈಯಿಂದ ಸವರಿ. ಎರಡು ವಾರಗಳ ಕಾಲ ಪ್ರತಿದಿನ ಹೊರಡುವ ಮೊದಲು ಅದೇ ಚಕ್ರದ ಎರಡೂ ಪಕ್ಕೆಗಳನ್ನು ಮತ್ತೆ ನೋಡಿ. ಉಬ್ಬು ಕಂಡರೆ ಆ ಹೊತ್ತಿನ ಹಾಲನ್ನೂ ಆ ಟೈರಿನ ಮೇಲೆ ಸಾಗಿಸಬೇಡಿ. ಒಂದು ಹೊತ್ತಿನ ಹಾಲು ಹೋದರೆ ಸಂಜೆ ಹಸು ಮತ್ತೆ ಹಾಲು ಕೊಡುತ್ತದೆ. ವಾಹನದಲ್ಲಿ ಹೋದವರು ಮನೆಗೆ ಹಿಂತಿರುಗುವುದು ಅದಕ್ಕಿಂತ ದೊಡ್ಡದು. ಹಾಲು ಮಾರ್ಗದ ಚಾಲಕರಿಗೂ, ಮನೆಯಲ್ಲಿ ಬೈಕ್ ಓಡಿಸುವ ಮಕ್ಕಳಿಗೂ ಇದನ್ನು ಓದಿ ಹೇಳಬೇಕೆಂದು ಸದಸ್ಯರಲ್ಲಿ ವಿನಂತಿ.